ಅರ್ಧ ಗಂಟೆಯ ಶಿವಮೊಗ್ಗ

ಶಿವಮೊಗ್ಗದ ವಿನೋಬನಗರದಲ್ಲಿ ಮಾವನವರ ಹೊಸ ಮನೆಯ ಗೃಹಪ್ರವೇಶ. ಹೆಂಡತಿ ನಾಲ್ಕು ದಿನ ಮುಂಚೆಯೇ ಹೋಗಿದ್ದಳು. "ಭಾವ ಬೆಳಿಗ್ಗೆ ಆರಕ್ಕೆ ಕಾರಲ್ಲಿ ಹೊರಡ್ತಾರಂತೆ, ಅವರ ಜೊತೆಗೇ ಬಂದ್ಬಿಡಿ" ಎಂದು ಫೋನಿನಲ್ಲಿ ಅಂದಳು. ಅವಳಿಗೆ ಭಾವ, ನನಗೆ ಷಡ್ಡಕ. ಷಡ್ಡಕನ ಕಾರಿನ ಹಿಂದಿನ ಸೀಟಿನಿಂದ ಮಾವನ ಮನೆ ಮುಂದೆ ಇಳಿಯುವುದೆಂದರೇನು!

ಕರೆಂಟ್ ಬಿಲ್ಲಿನ ಬೆನ್ನ ಮೇಲೆ ಲೆಕ್ಕ ಹಾಕಿದೆ. ಬೆಂಗಳೂರಿನ ವಿಮಾನ ನಿಲ್ದಾಣವಿರುವ ದೇವನಹಳ್ಳಿಯಿಂದ ಶಿವಮೊಗ್ಗದ ನಿಲ್ದಾಣವಿರುವ ಸೋಗಾನೆಗೆ ಆಕಾಶಮಾರ್ಗ ಸುಮಾರು 240 ಕಿ.ಮೀ. ರೆಕ್ಕೆಗೆ ಫ್ಯಾನಿರುವ ಆ ಎಟಿಆರ್ ವಿಮಾನದ ವೇಗ ಗಂಟೆಗೆ 500 ಕಿ.ಮೀ. ಅಂದರೆ ಅರ್ಧ ಗಂಟೆ! ಷಡ್ಡಕ ಇನ್ನೂ ತುಮಕೂರು ದಾಟಿರುವುದಿಲ್ಲ. ಟಿಕೆಟ್ಟಿನಲ್ಲಿ ಮಾತ್ರ ಒಂದೂಕಾಲು ಗಂಟೆ ಅಂತಿತ್ತು. ಅಚ್ಚಿನ ತಪ್ಪಿರಬೇಕು ಅಂದುಕೊಂಡೆ.

ನಾನಿರುವುದು ದೇವನಹಳ್ಳಿಯಲ್ಲಲ್ಲ, ಬನಶಂಕರಿಯಲ್ಲಿ ಎಂಬುದು ಲೆಕ್ಕಕ್ಕೆ ಬಂದಿರಲಿಲ್ಲ. ಬೆಳಿಗ್ಗೆ ಆರಕ್ಕೆ ಟ್ಯಾಕ್ಸಿ ಹತ್ತಿದವನು ಹೆಬ್ಬಾಳದ ಮೇಲ್ಸೇತುವೆಯಲ್ಲಿ ನಿಂತಲ್ಲೇ ನಿಂತು, ಏಳೂವರೆಗೆ ನಿಲ್ದಾಣ ಸೇರಿದೆ. ಸೂಟ್‌ಕೇಸು ಒಪ್ಪಿಸಿ ಕಾಫಿ ಹೀರುತ್ತಿದ್ದರೆ ನನ್ನ ಹೆಸರು ಕೂಗಿದರು.

"ಸಾರ್, ಬ್ಯಾಗಲ್ಲಿ ಕೊಬ್ಬರಿ ಇದ್ಯಾ?"

ಇತ್ತು. ನಮ್ಮೂರು ತಿಪಟೂರಿನ ಹತ್ತಿರ. ಬೀಗರ ಮನೆಗೆಂದು ಅಮ್ಮ ಆರಿಸಿ ಆರಿಸಿ ಕಳಿಸಿದ್ದ ಹನ್ನೊಂದು ಗಿಟುಕು.

"ಒಣಕೊಬ್ಬರಿ ಹಾಕೋ ಹಾಗಿಲ್ಲ ಸಾರ್. ಎಣ್ಣೆ ಅಂಶ ಜಾಸ್ತಿ, ತಾನೇ ಬಿಸಿಯಾಗಿ ಹೊತ್ತಿಕೊಳ್ಳುತ್ತೆ."

ನಮ್ಮಜ್ಜ ಅಟ್ಟದ ಮೇಲೆ ಸಾವಿರಗಟ್ಟಲೆ ಕಾಯಿ ಒಣಗಲು ಹಾಕಿ ಅದರ ಕೆಳಗೇ ಗೊರಕೆ ಹೊಡೆಯುತ್ತಿದ್ದ. ವಾದಿಸಿ ಪ್ರಯೋಜನವಿರಲಿಲ್ಲ, ಅವರ ನಿಯಮ ಸರಿಯಾಗಿಯೇ ಇತ್ತು. ಬೀಡಿ ಸೇದದ, ಯಾರಿಗೂ ಕೇಡು ಬಗೆಯದ ಹನ್ನೊಂದು ಗಿಟುಕುಗಳು ಲೈಟರುಗಳ ಜೊತೆ ಡಬ್ಬಿ ಸೇರಿದವು.

ವಿಮಾನ ಹತ್ತರ ಹೊತ್ತಿಗೆ ಕದಲಿತು. ಕದಲಿತು ಅಷ್ಟೆ. ಊರ ತೇರಿನ ಹಾಗೆ ಉರುಳುತ್ತಾ ಹೋಗಿ, ಸರದಿಯಲ್ಲಿ ನಿಂತು, ಕೊನೆಗೆ ಹಾರಿದ್ದು ಕೋಲಾರದ ದಿಕ್ಕಿಗೆ! ದೇವನಹಳ್ಳಿಯ ರನ್‌ವೇ ಪೂರ್ವ ಪಶ್ಚಿಮಕ್ಕಿದೆ. ಮೂಡಗಾಳಿ ಬೀಸುವಾಗ ಗಾಳಿಗೆ ಎದುರಾಗಿ ಪೂರ್ವಕ್ಕೇ ಏರಬೇಕಂತೆ. ಶಿವಮೊಗ್ಗವೋ ಪಶ್ಚಿಮಕ್ಕೆ. ಟಿಕೆಟ್ಟಿನ ಒಂದೂಕಾಲು ಗಂಟೆ ಆಗ ಅರ್ಥವಾಯಿತು. ಗೇಟು ಬಿಟ್ಟಲ್ಲಿಂದ ಅಲ್ಲಿ ಹೋಗಿ ನಿಲ್ಲುವ ತನಕ ಎಲ್ಲ ಸೇರಿಸಿಯೇ ಅವರು ಲೆಕ್ಕ ಹಾಕುತ್ತಾರೆ. ಹಾರಿದ ಮೇಲೆ ಮಾತ್ರ ಬಲು ಬೇಗ. ಪಕ್ಕದವರಿಗೆ ನನ್ನ ಕೊಬ್ಬರಿ ಕಥೆ ಅರ್ಧ ಹೇಳುವಷ್ಟರಲ್ಲಿ ಇಳಿಯುವ ಸೂಚನೆ ಬಂತು.

ಸೋಗಾನೆಯಲ್ಲಿ ಸೂಟ್‌ಕೇಸು ಎತ್ತಿಕೊಂಡು ವಿನೋಬನಗರ ಮುಟ್ಟಿದಾಗ ಹನ್ನೆರಡು. ಮಂಗಳಾರತಿ ಮುಗಿದಿತ್ತು. ಷಡ್ಡಕ ಪಂಚೆ ಉಟ್ಟು, ಮೊದಲ ಪಂಕ್ತಿಯಲ್ಲಿ ಕೋಸಂಬರಿ ಮುಗಿಸಿ ಹೋಳಿಗೆಗೆ ಕೈಯಿಟ್ಟಿದ್ದರು.

"ಈಗ ಬಂದ್ರಾ? ನಾನು ಕ್ಯಾತಸಂದ್ರದಲ್ಲಿ ತಟ್ಟೆ ಇಡ್ಲಿ ತಿಂದು, ನಿಧಾನಕ್ಕೇ ಬಂದೆ."

ನಾನು ಎಲೆ ಮುಂದೆ ಕೂತೆ. ಅತ್ತೆ ಒಂದು ಚೀಲ ಹಿಡಿದು ಬಂದರು. "ನೋಡಿ ಅಳಿಯಂದ್ರೇ, ನಿಮ್ಮೂರ ಕೊಬ್ಬರಿ! ಇವರು ದಾರೀಲಿ ತಿಪಟೂರಲ್ಲಿ ನಿಲ್ಲಿಸಿ ತಂದಿದ್ದಾರೆ. ಪಾಪ, ವಿಮಾನದಲ್ಲಿ ಬರೋರಿಗೆ ಇದೆಲ್ಲ ಎಲ್ಲಿ ನೆನಪಿರುತ್ತೆ?"

ಎದುರಿನ ಸಾಲಿಗೆ ಬಡಿಸುತ್ತಿದ್ದ ಹೆಂಡತಿ ನನ್ನ ಕಡೆಗೊಂದು ನೋಟ ಬಿಟ್ಟಳು. ನಾನು ತುಪ್ಪದವನನ್ನು ಕೂಗಿದೆ.