ಸೊನ್ನೆಯಿಂದ ಒಂದೂವರೆ ಮೀಟರ್: ಮಣ್ಣು

ಚಿನ್ನ ಹುಡುಕಲು ಭೂಮಿ ಕೊರೆಯುವವರ ಲೆಕ್ಕ ಬಲು ಚೊಕ್ಕ. ವಜ್ರದ ಹಲ್ಲಿನ ಬಿಟ್ ಕತ್ತರಿಸಿ ಕೊಟ್ಟ ಕಲ್ಲಿನ ಕೋಲನ್ನು, ಅಂದರೆ ಕೋರ್ ಅನ್ನು, ಪೆಟ್ಟಿಗೆಯಲ್ಲಿ ಸಾಲಾಗಿ ಮಲಗಿಸುತ್ತಾರೆ. ಯಾವ ಆಳದ್ದು, ಎಲ್ಲಿ ಬಿರುಕು, ಎಲ್ಲಿ ಬೆಣಚುಕಲ್ಲಿನ ಗೆರೆ, ಎಷ್ಟು ಸೆಂಟಿಮೀಟರ್ ಪುಡಿಯಾಗಿ ಕೈಬಿಟ್ಟಿತು, ಎಲ್ಲಕ್ಕೂ ದಾಖಲೆ. ಹಟ್ಟಿ-ಮಸ್ಕಿ ಸೀಮೆಯ ಆ ಕಲ್ಲಿಗೆ ಸುಮಾರು 250 ಕೋಟಿ ವರ್ಷ. ಹಿರಿಯರಿಗೆ ಮರ್ಯಾದೆ ಕೊಡಬೇಕಾದ್ದೇ.

ಅದೇ ಲಾಗ್ ಪುಸ್ತಕದ ಮೊದಲ ಸಾಲು ನೋಡಿ. "0–1.5 ಮೀ: ಮಣ್ಣು." ಮುಗಿಯಿತು. ಅಲ್ಲಿ ಕೋರ್ ತೆಗೆಯುವ ಗೋಜೂ ಇಲ್ಲ, ಕೇಸಿಂಗ್ ಪೈಪು ಇಳಿಸಿ ಮುಂದಕ್ಕೆ. ಈ ಸೀಮೆಯಲ್ಲಿ ಮನುಷ್ಯ ದನ ಕಟ್ಟಿದ್ದು, ಮಡಕೆ ಸುಟ್ಟಿದ್ದು, ಕಬ್ಬಿಣ ಕರಗಿಸಿದ್ದು, ಶಾತವಾಹನರ ನಾಣ್ಯ ಎಲ್ಲೋ ಬೀಳಿಸಿಕೊಂಡು ಹೆಂಡತಿಯಿಂದ ಬೈಸಿಕೊಂಡಿದ್ದು, ಎಲ್ಲ ಸೇರಿ ಒಂದೇ ಶಬ್ದ. ಮಣ್ಣು.

"ಕೊರೆಯೋ ಮುಂಚೆ ಪುರಾತತ್ವದವರು ಸರ್ವೆ ಮಾಡ್ತಾರಲ್ಲ?" ಅಂತೀರಿ. ಅಂಥ ಒಂದು ಸರ್ವೆಯನ್ನು ಕಲ್ಪಿಸಿಕೊಳ್ಳಿ, ಕಷ್ಟವೇನಲ್ಲ. ರಾಯಚೂರಿನ ಬಿಸಿಲು, ಹನ್ನೊಂದು ಗಂಟೆ. ಜೀಪಿನ ಗಾಜು ಅರ್ಧ ಇಳಿಯುತ್ತದೆ. ಪುರಾತತ್ವದ ಸಾಹೇಬರು ಮೊಬೈಲಿನಲ್ಲಿ ಸಂರಕ್ಷಿತ ಸ್ಮಾರಕಗಳ ಪಟ್ಟಿ ತೆರೆಯುತ್ತಾರೆ. ಅಷ್ಟರಲ್ಲಿ ಕುರಿ ಕಾಯುವ ಅಜ್ಜ ಹತ್ತಿರ ಬರುತ್ತಾನೆ.

"ಸಾಹೇಬ್ರ, ಆ ಕಡೆ ಬೂದಿ ದಿಬ್ಬ ಐತ್ರಿ."

"ಯಾರದ್ದೋ?"

"ರಾಕ್ಷಸನ್ನ ಸುಟ್ಟಿದ್ದಂತ್ರಿ. ನಮ್ಮಜ್ಜ ಹೇಳ್ತಿದ್ದ."

"ರಾಕ್ಷಸನ ಹೆಸರಿಗೆ ಪಹಣಿ ಐತೇನು?"

"ಇಲ್ರಿ."

ಗಾಜು ಮೇಲೇರುತ್ತದೆ. ಫಾರಂನಲ್ಲಿ ಬೀಳುವ ಅಕ್ಷರ ಎರಡೇ: ನಿಲ್. ಅಂದರೆ, ಏನೂ ಇಲ್ಲ.

ಅಜ್ಜ ಹೇಳಿದ್ದು ಬರೀ ಕತೆಯಲ್ಲ. ಹಂಪಿ ಪಕ್ಕದ ನಿಂಬಾಪುರದ ಬೂದಿ ದಿಬ್ಬವನ್ನು ಜನ ವಾಲಿಯನ್ನು ಸುಟ್ಟ ಜಾಗ ಎನ್ನುತ್ತಾರೆ. ಬಳ್ಳಾರಿ ಹತ್ತಿರದ ಕುಡತಿನಿಯಲ್ಲೂ ಇಂಥದ್ದೇ ದಿಬ್ಬವಿದೆ. ಅಗೆದು ನೋಡಿದವರಿಗೆ ಸಿಕ್ಕಿದ್ದು ರಾಕ್ಷಸನಲ್ಲ, ಸಗಣಿ. ನಾಲ್ಕು ಸಾವಿರ ವರ್ಷಕ್ಕೂ ಹಿಂದೆ ನವಶಿಲಾಯುಗದ ದನಗಾಹಿಗಳು ರಾಶಿ ಹಾಕಿ ಸುಟ್ಟ ಸಗಣಿ, ಸಾಮ್ರಾಜ್ಯಗಳೆಲ್ಲ ಅಳಿದ ಮೇಲೂ ಉಳಿದಿದೆ. ಜೆಸಿಬಿ ಬರುವ ತನಕ.

ನಿಯಮವೇನೋ ಗಟ್ಟಿಯಾಗಿಯೇ ಇದೆ. ಕೇಂದ್ರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ, ಅದರಾಚೆ 200 ಮೀಟರ್ ನಿಯಂತ್ರಿತ. ಪಟ್ಟಿಯಲ್ಲಿ ಇಲ್ಲದ್ದಕ್ಕೆ ಸೊನ್ನೆ ಮೀಟರ್. ಪಟ್ಟಿಗೆ ಸೇರಬೇಕಾದರೆ ಯಾರಾದರೂ ಹುಡುಕಬೇಕು; ಹುಡುಕಲು ಬಂದವರು ಪಟ್ಟಿ ನೋಡಿಕೊಂಡು ವಾಪಸ್ ಹೋಗುತ್ತಾರೆ.

ಹಾಗಂತ ಗಣಿಯವರನ್ನೇ ಬೈದರೆ ನಾಲಿಗೆ ಹುಳ ಬಿದ್ದೀತು. 1915ರಲ್ಲಿ ಮಸ್ಕಿಯ ಬಂಡೆಯ ಮೇಲಿನ ಶಾಸನವನ್ನು ಕಂಡವನು ಸಿ. ಬೀಡನ್ ಎಂಬ ಚಿನ್ನದ ಗಣಿ ಎಂಜಿನಿಯರ್. ಅದುವರೆಗೆ ಬಂಡೆಗಳ ಮೇಲೆಲ್ಲ ಬರೀ 'ದೇವಾನಾಂಪ್ರಿಯ', 'ಪ್ರಿಯದರ್ಶಿ' ಎಂದಿದ್ದವನು ಇಲ್ಲಿ 'ಅಶೋಕ' ಎಂದು ಹೆಸರು ಹೇಳಿದ್ದ. ಚಿನ್ನಕ್ಕೆಂದು ಹೋದವನಿಗೆ ಚಕ್ರವರ್ತಿ ಸಿಕ್ಕ. ಚಕ್ರವರ್ತಿಯನ್ನು ಹುಡುಕಲೆಂದೇ ಭತ್ಯೆ ಪಡೆದು ಹೋದವರಿಗೆ ನಿಲ್ ಸಿಗುತ್ತದೆ. ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಂತೂ 1986ರಲ್ಲಿ ಕಾಳಿ ಗುಡಿಯ ಚಾವಣಿಯೇ ಕುಸಿದು ಬಿತ್ತು. ಮೂರ್ತಿ ಕೂರಿಸಲು ನಡುವೆ ತೂತು ಕೊರೆದಿದ್ದ ಪೀಠದ ಚಪ್ಪಡಿ ನೋಡಿದರೆ, ಅಶೋಕನ ಶಾಸನ! ಅನೇಕ ಸರ್ವೆಗಳಿಗಿಂತ ಆ ಚಾವಣಿ ವಾಸಿ.

ನಿಷ್ಠೆಯಿಂದ ಸ್ಥಳ ಪರಿಶೀಲನೆ ಮಾಡುವವರು ಇಲ್ಲವೆಂದಲ್ಲ. ಅಮಾವಾಸ್ಯೆ ರಾತ್ರಿ ನಿಂಬೆಹಣ್ಣು, ಕುಂಕುಮ, ಹಾರೆ ಹಿಡಿದು ಪಾಳು ಗುಡಿಗೆ ಬರುವ ನಿಧಿಗಳ್ಳರು ಅಂಗುಲ ಅಂಗುಲ ಬಿಡುವುದಿಲ್ಲ. ವರದಿ ಸಲ್ಲಿಸುವುದಿಲ್ಲ, ಅದೊಂದೇ ಕೊರತೆ.

ನಮ್ಮ ಕಲ್ಪನೆಯ ಹೊಲಕ್ಕೆ ಮರಳೋಣ. ಅನುಮತಿ ಬಂತು, ರಿಗ್ ನಿಂತಿತು, ಟ್ರ್ಯಾಕ್ಟರ್ ಟ್ಯಾಂಕರ್ ನೀರು ತಂದಿತು. ಮೊದಲ ಪೆಟ್ಟಿಗೆ ತುಂಬಿತು. ಭೂವಿಜ್ಞಾನಿ ಲೆನ್ಸ್ ಹಿಡಿದು ಬಗ್ಗಿದರೆ ಪೆಟ್ಟಿಗೆ ಗಡಗಡ. ಒಂದು ಕಾಲು ತಗ್ಗಿನಲ್ಲಿದೆ. ಕೂಲಿ ಹುಡುಗ ಬೂದಿ ದಿಬ್ಬದ ಬುಡಕ್ಕೆ ಓಡಿ, ಅಂಗೈಯಗಲದ ಕಪ್ಪು ಕಲ್ಲೊಂದನ್ನು ತಂದ. ಒಂದು ಕಡೆ ದಪ್ಪ, ಇನ್ನೊಂದು ಕಡೆ ಕೊಡಲಿ ಬಾಯಿಯಂತೆ ಸಪೂರ, ಮೈಯೆಲ್ಲ ಉಜ್ಜಿ ಉಜ್ಜಿ ನುಣುಪು. ಕಾಲಡಿ ತಳ್ಳಿ ಎರಡು ಗುದ್ದು ಗುದ್ದಿದ. ಪೆಟ್ಟಿಗೆ ಅಲುಗಲಿಲ್ಲ.

"ಭಾರಿ ಕಲ್ಲೈತಲ್ಲೋ," ಎಂದರು ಭೂವಿಜ್ಞಾನಿ.

"ಹೌದ್ರಿ ಸರ," ಅಂದ ಹುಡುಗ, "ಹೇಳಿ ಮಾಡಿಸಿದಂಗೈತಿ."