ಕಾಪಿ ಮಾಡಿದರೆ ತಪ್ಪೇನು?

ನಾಲ್ಕು ತಿಂಗಳಿಂದ ಒಂದೇ ಒಂದು ಬೆನ್ನು ಬಿಡಿಸುತ್ತಾ ಕೂತಿದ್ದೇನೆ. ಫ್ರಾನ್ಸಿನ ಚಿತ್ರಕಾರ ಆಂಗ್ರ್ 1808ರಲ್ಲಿ ರೋಮ್‌ನಲ್ಲಿದ್ದಾಗ ಬರೆದ ಚಿತ್ರ, ತಲೆಗೆ ಬಟ್ಟೆ ಸುತ್ತಿಕೊಂಡು ನಮಗೆ ಬೆನ್ನು ಮಾಡಿ ಕೂತ ಹೆಂಗಸು, ಈಗ ಪ್ಯಾರಿಸ್‌ನ ಲೂವ್ರ್‌ ಮ್ಯೂಸಿಯಂನಲ್ಲಿದೆಯಲ್ವಾ, ಅದನ್ನೇ ಕಾಪಿ ಮಾಡುತ್ತಿದ್ದೇನೆ. ‘ವಾಲ್ಪಾಂಸೋ ಬೇದರ್’ ಅಂತಾರೆ, ಬೇದರ್ ಅಂದರೆ ಸ್ನಾನ ಮಾಡುವವಳು.

ಮೊದಲ ಸಲ ನೇರವಾಗಿ ಬಣ್ಣಕ್ಕೇ ಇಳಿದೆ. ಬಿಳಿ, ಯೆಲ್ಲೋ ಓಕರ್ ಅನ್ನುವ ಮಣ್ಣಿನ ಹಳದಿ, ಚೂರು ಕೆಂಪು ಕಲಸಿ ‘ಮೈಬಣ್ಣ’ ಅಂತ ಒಂದು ಮಾಡಿಕೊಂಡು ಇಡೀ ಬೆನ್ನಿಗೆ ಬಳಿದೆ, ನೆರಳಿಗೆ ಅದಕ್ಕೇ ಕಂದು ಸೇರಿಸಿದೆ. ಬೆನ್ನು ಹೋಗಿ ಮಣ್ಣಿನ ಗೋಡೆ ಆಯಿತು.

ಎರಡನೇ ಸಲ ಬಣ್ಣದ ಸುದ್ದಿಗೇ ಹೋಗಲಿಲ್ಲ. ಅಂಬರ್ ಅನ್ನುವ ಕಂದು, ಕಪ್ಪು, ಬಿಳಿ ಅಷ್ಟರಲ್ಲೇ ಇಡೀ ಚಿತ್ರವನ್ನು ಬೂದಿ ಬಣ್ಣದಲ್ಲಿ ಮುಗಿಸಿದೆ. ಗ್ರಿಸಾಯ್ ಅಂತಾರೆ ಇದಕ್ಕೆ. ಆಗಲೇ ಕಣ್ಣಿಗೆ ಬಿದ್ದಿದ್ದು, ಆ ಬೆನ್ನಿನಲ್ಲಿ ಗಾಢ ನೆರಳು ಅನ್ನುವುದೇ ಇಲ್ಲ. ಭುಜದ ಮೂಳೆ ಇಲ್ಲಿಂದ ಶುರು ಅಂತ ಬೆರಳಿಟ್ಟು ತೋರಿಸಲು ಆಗುವುದಿಲ್ಲ, ಆದರೂ ಮೂಳೆ ಅಲ್ಲಿದೆ. ಬೂದಿ ಒಣಗಿದ ಮೇಲೆ ತೆಳುವಾಗಿ ಮೈಬಣ್ಣ ಕೊಟ್ಟೆ. ಬೆಳಕು ನೆರಳಿಗೆ ತಿರುಗುವ ಕಡೆ ಕೆಳಗಿನ ಬೂದಿ ಹಾಯ್ದು ಬಂದು, ತಾನಾಗಿಯೇ ಒಂದು ತಣ್ಣನೆಯ ಹಸಿರು ಕಂಡಿತು. ನಾನು ಹಸಿರು ಮುಟ್ಟಿಯೇ ಇರಲಿಲ್ಲ! ಅವತ್ತು ರಾತ್ರಿ ತುಂಬಾ ಹೊತ್ತು ಸುಮ್ನೆ ಅದನ್ನೇ ನೋಡುತ್ತಾ ಕೂತಿದ್ದೆ.

ಕಾಯುವುದನ್ನೂ ಕಲಿಯಬೇಕು. ಎಣ್ಣೆಬಣ್ಣ ನೀರುಬಣ್ಣದ ಹಾಗೆ ಆವಿಯಾಗಿ ಒಣಗುವುದಿಲ್ಲ, ಅಗಸೆ ಎಣ್ಣೆ ಗಾಳಿಯ ಆಮ್ಲಜನಕ ಹಿಡಿದು ಗಟ್ಟಿಯಾಗಬೇಕು. ಅಂಬರ್ ಬೇಗ, ಐವರಿ ಬ್ಲ್ಯಾಕ್ ಅನ್ನುವ ಕಪ್ಪು ಬಹಳ ನಿಧಾನ. ಕೆಳಗಿನ ಪದರಕ್ಕೆ ಎಣ್ಣೆ ಕಮ್ಮಿ, ಮೇಲಿನದಕ್ಕೆ ಜಾಸ್ತಿ. ಉಲ್ಟಾ ಮಾಡಿದರೆ ಮುಂದೆ ಬಿರುಕು ಬಿಡುತ್ತದೆ.

ಇಷ್ಟಾದರೂ ‘ಸ್ವಂತದ್ದು ಏನಾದರೂ ಮಾಡು, ಕಾಪಿ ಯಾಕೆ’ ಅನ್ನುತ್ತಾರೆ. ನನ್ನದು ಅಂತ ತೋರಿಸಿಕೊಂಡರೆ ತಪ್ಪು, ಒಪ್ಪುತ್ತೇನೆ. ಕಲಿಯಲು ಮಾಡಿದರೆ? ಆಂಗ್ರ್ ಕೂಡ 1822ರಲ್ಲಿ ಇಟಲಿಯ ಹಳೆಯ ಚಿತ್ರಕಾರ ಟಿಶಿಯನ್‌ನ ವೀನಸ್ ಚಿತ್ರವನ್ನು ಕಾಪಿ ಮಾಡಿದ್ದ. ಅಷ್ಟೇ ಅಲ್ಲ, ‘ಟರ್ಕಿಶ್ ಬಾತ್’ ಚಿತ್ರದಲ್ಲಿ ಇದೇ ಬೆನ್ನನ್ನು ಮತ್ತೆ ತಂದು ಕೂರಿಸಿ, 1862 ಅಂತ ಇಸವಿ ಹಾಕಿ, ಜೊತೆಗೆ ತನ್ನ ವಯಸ್ಸು 82 ಅಂತಲೂ ಬರೆದ. ಐವತ್ತನಾಲ್ಕು ವರ್ಷ ಆದಮೇಲೂ ಅವನಿಗೆ ಈ ಬೆನ್ನು ಸಾಕಾಗಿರಲಿಲ್ಲ. ನನ್ನ ನಾಲ್ಕು ತಿಂಗಳು ಯಾವ ಲೆಕ್ಕ?

ಬಲಭುಜದ ಕೆಳಗೆ ಒಂದು ಅಂಚು ಇನ್ನೂ ಗಡುಸಾಗಿ ಕಾಣುತ್ತಿದೆ. ಮುಟ್ಟಿದರೆ ಅಂಟುತ್ತದೆ, ಮುಂದಿನ ವಾರದವರೆಗೆ ಕೈ ಹಾಕುವಂತಿಲ್ಲ.