ಕೊಡೋವರೆಗೆ ಹುಲಿ, ಕೊಟ್ಟ ಮೇಲೆ ಇಲಿ

ಶನಿವಾರ ರಾತ್ರಿ ಹತ್ತು ಗಂಟೆಗೆ ಗ್ರೈಂಡರ್ ನಿಂತುಹೋಯಿತು. ಉದ್ದು ಇನ್ನೂ ಅರ್ಧ ನುರಿದಿತ್ತು ಅಷ್ಟೇ. ಕಲ್ಲು ಒಂದು ಸಲ ಮಿಸುಕಾಡಿತು, ಕೆಳಗಿನಿಂದ ರಬ್ಬರ್ ಸುಟ್ಟ ವಾಸನೆ ಬಂತು, ಆಮೇಲೆ ಮೋಟಾರಿನ ಗುಂಯ್ ಅನ್ನುವ ಸದ್ದು ಮಾತ್ರ. ಹೆಂಡತಿ ಹಿಟ್ಟನ್ನೆಲ್ಲ ಕೈಯಲ್ಲಿ ಬಳಿದು ಮಿಕ್ಸಿಗೆ ಹಾಕಿದಳು. ಬೆಳಗ್ಗೆ ಇಡ್ಲಿ ಹೇಗಿತ್ತು ಅಂತ ಮಾತ್ರ ಕೇಳಬೇಡಿ.

ನಾವಿರುವುದು ಇಂಗ್ಲೆಂಡಿನ ಕವೆಂಟ್ರಿಯಲ್ಲಿ. ಆ ಗ್ರೈಂಡರ್ ಆನ್‌ಲೈನಿನಲ್ಲಿ ತರಿಸಿ 19 ದಿನ ಆಗಿತ್ತು. ಬೆಲೆ 165 ಪೌಂಡ್. ಮಾರಿದವರಿಗೆ ಮೇಲ್ ಹಾಕಿದೆ. ಮರುದಿನ ಉತ್ತರ ಬಂತು. ಅವರ ಹತ್ತಿರ ವಾಪಸು 14 ದಿನದ ಒಳಗೆ ಮಾತ್ರವಂತೆ, ಇನ್ನೇನಿದ್ದರೂ ತಯಾರು ಮಾಡಿದವರನ್ನು ಕೇಳಬೇಕಂತೆ. ತಯಾರು ಮಾಡಿದವರು ಇರುವುದು ಕೊಯಮತ್ತೂರಿನಲ್ಲಿ!

ಹಾಸನದವನು ಏನು ಮಾಡುತ್ತಾನೋ ಅದನ್ನೇ ಮಾಡಿದೆ. ಒಂದು ಗಂಟೆ ಬೈದುಕೊಂಡೆ. ಆಮೇಲೆ ಹೆಂಡತಿಗೆ, 'ಹೋಗ್ಲಿ ಬಿಡು, ದೃಷ್ಟಿ ಕಳೀತು ಅಂದ್ಕೋ' ಅಂದೆ.

ನಮ್ಮ ಪಕ್ಕದ ಮನೆಯಲ್ಲಿ ಒಬ್ಬರು ಅಜ್ಜಿ ಇದ್ದಾರೆ. ನಾವು ಅವರ ಕಾಲು ತುಳಿದರೆ ಅವರೇ ಸಾರಿ ಕೇಳುವಷ್ಟು ಮೆತ್ತಗಿನ ಜೀವ. ಬೇಲಿ ಹತ್ತಿರ ನಿಂತು ಈ ಕೊಯಮತ್ತೂರಿನ ಕತೆಯನ್ನು ತಮಾಷೆಗೆ ಹೇಳಿದೆ. ಅಜ್ಜಿ ನಗಲಿಲ್ಲ. 'ಯಾವ ಕಾರ್ಡಿನಲ್ಲಿ ಕೊಟ್ಟೆ?' ಅಂತ ಕೇಳಿದರು. ಸಂಜೆ ಕನ್ನಡಕ ಹಿಡಿದುಕೊಂಡು ನಮ್ಮ ಮನೆಗೇ ಬಂದರು.

ಅವತ್ತು ನಮ್ಮ ಊಟದ ಮೇಜಿನ ಮೇಲೆ ನನಗೊಂದು ಪಾಠ ಆಯಿತು. ಮಾರುವವನು ಹೇಳಿದ 14 ದಿನ ಇದೆಯಲ್ಲ, ಅದು ಸುಮ್ನೆ ಇಷ್ಟವಾಗಲಿಲ್ಲ ಅಂತ ಆನ್‌ಲೈನ್ ಸಾಮಾನು ವಾಪಸು ಮಾಡುವುದಕ್ಕೆ. ಸಾಮಾನು ಕೆಟ್ಟಿದ್ದರೆ ಲೆಕ್ಕವೇ ಬೇರೆ. 2015ರ ಗ್ರಾಹಕ ಹಕ್ಕುಗಳ ಕಾಯ್ದೆ ಪ್ರಕಾರ 30 ದಿನದ ಒಳಗೆ 'ಇದು ನನಗೆ ಬೇಡ' ಅಂದರೆ ಪೂರ್ತಿ ದುಡ್ಡು ವಾಪಸು ಕೊಡಬೇಕು. ಅಂಗಡಿಯವನು ತನ್ನ ಪಾಲಿಸಿಯಲ್ಲಿ ಏನೇ ಬರೆದುಕೊಂಡರೂ ಅದಕ್ಕಿಂತ ಕಾಯ್ದೆ ದೊಡ್ಡದು. 30 ದಿನ ದಾಟಿದರೆ ರಿಪೇರಿ ಮಾಡಲು ಅಥವಾ ಬೇರೆ ಕೊಡಲು ಅವನಿಗೆ ಒಂದು ಅವಕಾಶ. ಮೊದಲ ಆರು ತಿಂಗಳಲ್ಲಿ ಕೆಟ್ಟರೆ, ಮಾರುವಾಗ ಅದು ಸರಿಯಿತ್ತು ಅಂತ ಅವನೇ ತೋರಿಸಬೇಕು. ತಯಾರು ಮಾಡಿದವರನ್ನು ಕೇಳು ಅನ್ನುವ ಮಾತಂತೂ ಬರುವುದೇ ಇಲ್ಲ. ದುಡ್ಡು ಇಸ್ಕೊಂಡವನೇ ಜವಾಬು ಕೊಡಬೇಕು.

ಕಾಗದ ಬರೆದೆವು. ಮೂರು ಪ್ಯಾರಾ. ಒಂದು ಬೈಗುಳ ಇಲ್ಲ, ಒಂದು 'ದಯವಿಟ್ಟು' ಜಾಸ್ತಿ ಇಲ್ಲ. ಯಾವತ್ತು ತಗೊಂಡೆ, ಯಾವತ್ತು ಕೆಟ್ಟಿತು, ಯಾವ ಕಾಯ್ದೆ, ಗ್ರೈಂಡರನ್ನು ನಿಮ್ಮ ಖರ್ಚಿನಲ್ಲಿ ತಗೊಂಡು ಹೋಗಿ, ದುಡ್ಡು ಕಳಿಸಿ. ಮಾರಿದವರು ಉಸಿರೆತ್ತಲಿಲ್ಲ. ಆಗ ಅಜ್ಜಿ ಇನ್ನೊಂದು ದಾರಿ ತೋರಿಸಿದರು. ನೂರು ಪೌಂಡಿಗಿಂತ ಜಾಸ್ತಿ ಬೆಲೆಯ ಸಾಮಾನನ್ನು ಕ್ರೆಡಿಟ್ ಕಾರ್ಡಿನಲ್ಲಿ ಕೊಂಡರೆ, ಮಾರಿದವನಷ್ಟೇ ಕಾರ್ಡ್ ಕಂಪನಿಯೂ ಹೊಣೆ. 1974ರ ಗ್ರಾಹಕ ಸಾಲ ಕಾಯ್ದೆ, 75ನೇ ಸೆಕ್ಷನ್. ಅಜ್ಜಿಗೆ ಸೆಕ್ಷನ್ ನಂಬರ್ ಬಾಯಲ್ಲೇ ಇತ್ತು, ನಮ್ಮಮ್ಮನಿಗೆ ಏಕಾದಶಿ ಯಾವತ್ತು ಅಂತ ಗೊತ್ತಿರುವ ಹಾಗೆ. ನಾನು ಕೊಟ್ಟಿದ್ದೂ ಕ್ರೆಡಿಟ್ ಕಾರ್ಡಿನಲ್ಲೇ. ಕಾರ್ಡ್ ಕಂಪನಿಗೆ ಬರೆದೆ, ಐದು ವಾರಕ್ಕೆ 165 ಪೌಂಡ್ ವಾಪಸು ಬಂತು.

ಅವತ್ತಿನಿಂದ ನನ್ನ ತಲೆಯಲ್ಲಿ ಒಂದೇ ಕೊರೆತ. ನಮ್ಮಮ್ಮ ಹಾಸನದ ಕಟ್ಟಿನಕೆರೆ ಮಾರ್ಕೆಟ್ಟಿನಲ್ಲಿ ಕೊತ್ತಂಬರಿ ಕಟ್ಟಿಗೆ ಎರಡು ರೂಪಾಯಿ ಇಳಿಸುತ್ತಾಳೆ. ಬೇಡ ಅಂತ ಐದು ಹೆಜ್ಜೆ ಹೋಗುತ್ತಾಳೆ, ಕರೆಸಿಕೊಳ್ಳುತ್ತಾಳೆ, ಮೇಲೊಂದು ಎಸಳು ಕರಿಬೇವನ್ನೂ ಎಳೆದುಕೊಂಡು ಬರುತ್ತಾಳೆ. ಈ ಅಜ್ಜಿ ಚೀಟಿಯಲ್ಲಿ ಎಷ್ಟು ಬರೆದಿದೆಯೋ ಅಷ್ಟನ್ನೂ ಕೊಟ್ಟು ಥ್ಯಾಂಕ್ಯೂ ಹೇಳುತ್ತಾರೆ. ಆದರೆ ತಂದದ್ದು ಕೆಟ್ಟಿತೋ, ಆಗ ನೋಡಬೇಕು ಅಜ್ಜಿಯನ್ನು. ನಾವು ದುಡ್ಡು ಕೊಡೋವರೆಗೆ ಹುಲಿ, ಕೊಟ್ಟ ಮೇಲೆ ಇಲಿ.

ಹಾಗಾಗದೆ ಇನ್ನೇನು? ಅಂಗಡಿಯ ಲಕ್ಷ್ಮಿ ಫೋಟೋ, ಅದರ ಮುಂದೆ ಊದುಬತ್ತಿ, ಪಕ್ಕದಲ್ಲಿ 'ಮಾರಿದ ಸಾಮಾನು ವಾಪಸು ಪಡೆಯುವುದಿಲ್ಲ' ಅನ್ನುವ ಬೋರ್ಡು. ಅದನ್ನು ಓದಿಕೊಂಡೇ ದೊಡ್ಡವರಾದವರು ನಾವು. ಅದೂ ದೇವರ ಮಾತೇ ಅಂದುಕೊಂಡಿದ್ದೆವು.

ಅದೇ ತಿಂಗಳು ಅಮ್ಮನ ಹೊಸ ಮಿಕ್ಸಿ ಕೆಟ್ಟಿತು. ಹಬ್ಬದ ಸೇಲ್‌ನಲ್ಲಿ ಭಾವ ಆನ್‌ಲೈನ್ ತರಿಸಿಕೊಟ್ಟಿದ್ದು, 3,200 ರೂಪಾಯಿ. ಜಾರು ತಿರುಗುತ್ತಿರಲಿಲ್ಲ. ವಾಪಸಿಗೆ ಏಳು ದಿನ, ಆಗಿದ್ದು ಒಂಬತ್ತು. ಮಾರಿದವರು ಆಗಲ್ಲ ಅಂದರು. ನಾನು ವಿಡಿಯೋ ಕಾಲಿನಲ್ಲಿ ಭಾಷಣ ಶುರು ಮಾಡಿದೆ. 2020ರ ಇ-ಕಾಮರ್ಸ್ ನಿಯಮದ ಪ್ರಕಾರ ಕೆಟ್ಟ ಸಾಮಾನನ್ನು ವಾಪಸು ತಗೊಳ್ಳಲ್ಲ, ದುಡ್ಡು ಕೊಡಲ್ಲ ಅನ್ನುವ ಹಾಗಿಲ್ಲ. ದೂರು ಕೊಟ್ಟ 48 ಗಂಟೆಯಲ್ಲಿ ಬಂದಿದೆ ಅಂತ ತಿಳಿಸಬೇಕು, ಒಂದು ತಿಂಗಳಲ್ಲಿ ಬಗೆಹರಿಸಬೇಕು. ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು.

ಅಮ್ಮ ಹೇಳಿದ್ದು ಇಷ್ಟೇ. 'ಯಾರ ಹತ್ರ ಹೋಗಿ ಜಗಳ ಆಡ್ಲೋ? ಅಲ್ಲಿ ಅಂಗಡಿನೇ ಇಲ್ವಲ್ಲ.'

ಭಾವ ಹೇಳಿದ್ದು ಇನ್ನೂ ಚಿಕ್ಕದು. 'ನಿಮ್ಗೆ ಅಲ್ಲಿ ಟೈಮಿದೆ ಕಣಪ್ಪ.'

ನನಗೆ ಮೈಯೆಲ್ಲ ಉರಿಯಿತು. ಟೈಮಿನ ಮಾತಲ್ಲ ಇದು. ಅಮ್ಮ ಸುಮ್ಮನಿದ್ದರೆ ಅದೇ ಮಿಕ್ಸಿ ನಾಳೆ ಹೊಳೆನರಸೀಪುರದ ಇನ್ನೊಬ್ಬ ಅಮ್ಮನ ಮನೆಗೆ ಹೋಗುತ್ತದೆ. ಅವರೂ ದೃಷ್ಟಿ ಕಳೀತು ಅಂದುಕೊಳ್ಳುತ್ತಾರೆ. ನಮ್ಮ ಈ ದೃಷ್ಟಿ ಕಳೆಯುವ ಬುದ್ಧಿಯಿಂದಲೇ ಎಷ್ಟು ಜನ ಮಾರುವವರು ಮನೆ ಕಟ್ಟಿಸಿದ್ದಾರೋ!

ಹಾಗಂತ ಕಾಯ್ದೆ ಪುಸ್ತಕ ತೆಗೆದರೆ, ಒಪ್ಪಿಕೊಳ್ಳಲೇಬೇಕು, ನಮ್ಮದು ಏನೂ ಕಮ್ಮಿಯಿಲ್ಲ. ಇಲ್ಲಿ ಸಣ್ಣ ಮೊತ್ತದ ದಾವಾ ಹಾಕಲೂ ಮೊದಲು ಶುಲ್ಕ ಕಟ್ಟಬೇಕು. ಅಲ್ಲಿ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಐದು ಲಕ್ಷದವರೆಗಿನ ಸಾಮಾನಿಗೆ ಶುಲ್ಕವೇ ಇಲ್ಲ, ವಕೀಲರೂ ಬೇಕಿಲ್ಲ. ಮಾರಿದವನು ದೆಹಲಿಯಲ್ಲಿದ್ದರೂ ಹಾಸನದ ಜಿಲ್ಲಾ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು, ಯಾಕಂದರೆ ಅಮ್ಮ ಇರುವುದು ಹಾಸನದಲ್ಲಿ. ಆ ಲಕ್ಷ್ಮಿ ಪಕ್ಕದ ಬೋರ್ಡೂ ಕೆಟ್ಟ ಸಾಮಾನಿನ ಮಟ್ಟಿಗೆ ನಡೆಯುವುದಿಲ್ಲ. ವಾಪಸಿಗೆ ಬಿಲ್ಲಿನಲ್ಲಿ ಗಡುವು ಬರೆದಿಲ್ಲ ಅಂದರೆ 30 ದಿನ ಅಂತ ಅದೇ ಕಾಯ್ದೆಯಲ್ಲಿದೆ. ಅಜ್ಜಿಯ 30 ದಿನವೇ. ಇದನ್ನು ನಾನು ಓದಿದ್ದು ನನ್ನ ಗ್ರೈಂಡರ್ ಕೆಟ್ಟ ಮೇಲೆ, ಅದೂ ಕವೆಂಟ್ರಿಯಲ್ಲಿ ಕೂತು. ಭಾವನಿಗೆ ಇದನ್ನು ಹೇಳಿಲ್ಲ.

ಹೇಳದೇ ಇರುವುದಕ್ಕೆ ಇನ್ನೊಂದು ಕಾರಣವೂ ಇದೆ. ಭಾವ ಆ ಮಿಕ್ಸಿಯನ್ನು ಬಟ್ಟೆ ಚೀಲದಲ್ಲಿ ಹಾಕಿಕೊಂಡು ಬೀದಿ ಕೊನೆಯ ರಿಪೇರಿ ಅಂಗಡಿಗೆ ಹೋದ. ಅಲ್ಲಿನ ಹುಡುಗ ತಿರುಗಿಸಿ ನೋಡಿ, ಸವೆದ ಕಪ್ಲರ್ ಬಿಚ್ಚಿ ಹೊಸದು ಹಾಕಿ, 120 ರೂಪಾಯಿ ತಗೊಂಡ. ಮಧ್ಯಾಹ್ನ ಅದರಲ್ಲೇ ಚಟ್ನಿ ಆಯಿತು. ನನ್ನ ಗ್ರೈಂಡರ್? ಮಾರಿದವರು ತಗೊಂಡು ಹೋಗಲು ಬರಲೇ ಇಲ್ಲ. ಮೂರು ಸಲ ಮೇಲ್ ಹಾಕಿದ್ದೇನೆ. ಗ್ಯಾರೇಜಿನಲ್ಲಿ ಕೂತಿದೆ. ಬಿಚ್ಚಿ ನೋಡುವವರು ಈ ಊರಲ್ಲಿ ನನಗೆ ಸಿಕ್ಕಿಲ್ಲ. ದುಡ್ಡು ಬಂದಿದೆ, ಇಡ್ಲಿ ಇನ್ನೂ ಮಿಕ್ಸಿ ಹಿಟ್ಟಿನದೇ.

ಹೋದ ಭಾನುವಾರ ಅಮ್ಮ ಕೇಳಿದಳು, 'ರಬ್ಬರ್ ಸುಟ್ಟ ವಾಸನೆ ಅಂದ್ಯಲ್ಲ, ಬೆಲ್ಟ್ ಹೋಗಿರ್ಬೇಕು ಕಣೋ. ಯಾರಾದ್ರೂ ಆ ಕಡೆ ಬರೋರಿದ್ರೆ ಹೇಳು, ಒಂದು ಬೆಲ್ಟ್ ಕಳಿಸ್ತೀನಿ. ಚೌಕಾಸಿ ಮಾಡಿ ತಗೋತೀನಿ ಬಿಡು.'